ಬೇಸಿಗೆಗೆ ಉಳಿಯುವ ಕಬ್ಬಿನ ಸೋಗೆ

ಠಾಕುರ್ಲಿ, ಡೊಂಬಿವಲಿ ಕಡೆ ನಮಗೆ ಕಬ್ಬು ಎಂದರೆ ಗಾಡಿಯವನು ಶುಂಠಿ, ಲಿಂಬೆ ಸೇರಿಸಿ ಹಿಂಡಿಕೊಡುವ ಒಂದು ಲೋಟ ಹಾಲು. ಊರಲ್ಲಿ ಅದೇ ಕಬ್ಬು ದನದ ಹೊಟ್ಟೆಯ ಪ್ರಶ್ನೆ. ಅಥಣಿ, ರಾಯಬಾಗ, ಚಿಕ್ಕೋಡಿ, ಜಮಖಂಡಿ ಕಡೆಯಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾರ್ಖಾನೆ ನುರಿಸುವ ನಾಲ್ಕೈದು ತಿಂಗಳು ಹಸಿ ಸೋಗೆ ಬೇಕಾದಷ್ಟು. ಏಪ್ರಿಲ್ ಬಂತೆಂದರೆ ಮೇವಿಗೆ ಪರದಾಟ. ಬರಗಾಲದಲ್ಲಿ ಕೇಳುವುದೇ ಬೇಡ. 2023ರಲ್ಲಿ ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು.

ಹಸಿ ಮೇವನ್ನು ಗಾಳಿಯಾಡದಂತೆ ಹುಳಿಬರಿಸಿ ಇಡುವುದಕ್ಕೆ ನಮ್ಮ ಕೃಷಿ ಪುಸ್ತಕಗಳು 'ರಸಮೇವು' ಎನ್ನುತ್ತವೆ, ಇಲ್ಲಿನ ಮರಾಠಿಗರು 'ಮುರಘಾಸ'. ಒಂದು ರೀತಿಯಲ್ಲಿ ದನಗಳ ಉಪ್ಪಿನಕಾಯಿ. ಸಾಮಾನ್ಯವಾಗಿ ಮೆಕ್ಕೆಜೋಳದಿಂದ ಮಾಡುತ್ತಾರೆ. ಕಬ್ಬಿನಿಂದ ಏಕೆ ಕಡಿಮೆ?

ಕಾರಣ ಅದರ ಸಿಹಿಯೇ. ಇಡೀ ಕಬ್ಬನ್ನು ಕತ್ತರಿಸಿ ಗುಂಡಿಗೆ ತುಂಬಿದರೆ ಹುಳಿ ಬರಿಸುವ ಬ್ಯಾಕ್ಟೀರಿಯಾದ ಜೊತೆ ಯೀಸ್ಟ್ ಕೂಡ ಹಬ್ಬ ಮಾಡುತ್ತದೆ. ಸಕ್ಕರೆ ಮದ್ಯಸಾರವಾಗುತ್ತದೆ, ಮೇವಿನ ಸತ್ವ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಕಬ್ಬಿನ ನಾಡು ಬ್ರೆಜಿಲ್‌ನಲ್ಲಿ ಇದನ್ನು ತಡೆಯಲು ಸುಣ್ಣ, ಯೂರಿಯಾ, ಆಯ್ದ ಬ್ಯಾಕ್ಟೀರಿಯಾಗಳನ್ನು ಬಳಸಿ ನೋಡಿದ್ದಾರೆ. ಆದರೆ ನಮ್ಮ ರೈತ ಕಾರ್ಖಾನೆಗೆ ಹೋಗುವ ಕಬ್ಬನ್ನು ಗುಂಡಿಗೆ ಯಾಕೆ ಹಾಕಿಯಾನು? ನಮಗೆ ಬೇಕಾದದ್ದು ತುದಿಯ ಹಸಿರು ಸೋಗೆ. ಅದರಲ್ಲಿ ಸಕ್ಕರೆ ಕಡಿಮೆ, ಯೀಸ್ಟ್ ಕಾಟವೂ ಕಡಿಮೆ. ಒಣಗಿದ ರವದಿ ಇದಕ್ಕೆ ಬರುವುದಿಲ್ಲ. ಅದನ್ನು ಸುಡದೆ ಹೊಲಕ್ಕೇ ಹೊದಿಸುವುದು ಲೇಸು.

ಲೆಕ್ಕ ನೋಡಿ. ಒಂದು ಹಸುವಿಗೆ ದಿನಕ್ಕೆ 15 ಕಿಲೋ ಎಂದರೆ ಎರಡು ಹಸುಗಳಿಗೆ 90 ದಿನಕ್ಕೆ 2,700 ಕಿಲೋ. ಚೆನ್ನಾಗಿ ತುಳಿದ ಒಂದು ಘನ ಮೀಟರ್ ಗುಂಡಿಯಲ್ಲಿ ಸುಮಾರು 500 ಕಿಲೋ ಹಿಡಿಯುತ್ತದೆ. ಎರಡು ಮೀಟರ್ ಉದ್ದ, ಒಂದೂವರೆ ಅಗಲ, ಎರಡು ಆಳ ಇದ್ದರೆ ಸಾಕು.

ಕಷ್ಟವಿರುವುದು ಗುಂಡಿಯಲ್ಲಿ ಅಲ್ಲ, ಹೊಲದಲ್ಲಿ. ಕಟಾವಿನ ಗ್ಯಾಂಗಿನವರಿಗೆ ಸೋಗೆ ಅವರ ಎತ್ತುಗಳ ಮೇವು. ಉಳಿದದ್ದನ್ನು ಮಾರಿದರೆ ದಿನದ ಖರ್ಚಿಗೆ ನಾಲ್ಕು ಕಾಸು. ಬೀಡ್ ಕಡೆಯಿಂದ ಮಕ್ಕಳುಮರಿ ಕಟ್ಟಿಕೊಂಡು ಬರುವವರ ಕೈಯಿಂದ ಅದನ್ನು ಕಸಿದುಕೊಂಡರೆ ನ್ಯಾಯವಲ್ಲ. ಕಟಾವಿಗೆ ಮುಂಚೆಯೇ ಮಾತಾಡಿ, ಹಣ ಕೊಟ್ಟೇ ಕೊಳ್ಳಬೇಕು. ನಾವೂ ಹೊಟ್ಟೆಪಾಡಿಗೆ ಊರು ಬಿಟ್ಟವರೇ ತಾನೆ?

ಸೋಗೆ ಬಾಡುವ ಮೊದಲೇ, ಗಡಿಭಾಗದವರು 'ಕಡಬಾ ಕುಟ್ಟಿ' ಎನ್ನುವ ಯಂತ್ರದಲ್ಲಿ ಒಂದು ಇಂಚಿನ ತುಂಡು ಮಾಡಿ, ಪದರಪದರವಾಗಿ ಗಾಳಿ ಉಳಿಯದಂತೆ ತುಳಿಯಬೇಕು. ಮೇಲೆ ದಪ್ಪ ಪ್ಲಾಸ್ಟಿಕ್, ಅದರ ಮೇಲೆ ಮಣ್ಣು. ಮಳೆನೀರು, ಇಲಿ ಎರಡೂ ಒಳಗೆ ಹೋಗಬಾರದು. ಸುಮಾರು 45 ದಿನಕ್ಕೆ ತಯಾರು. ಸೋಗೆಯಲ್ಲಿ ಪ್ರೋಟೀನ್ ಕಡಿಮೆಯೆಂದು ಯೂರಿಯಾ ಬೆರೆಸುವವರಿದ್ದಾರೆ. ಪ್ರಮಾಣ ತಪ್ಪಿದರೆ ಅದು ವಿಷ, ಕರುಗಳಿಗಂತೂ ಕೂಡದು, ಪಶುವೈದ್ಯರನ್ನು ಕೇಳದೆ ಮುಟ್ಟಬೇಡಿ. ಹಿಂಡಿ ಕೊಡುವುದೇ ಸುರಕ್ಷಿತ. ಸೋಗೆಯ ಆಕ್ಸಲೇಟ್ ಸುಣ್ಣದಂಶವನ್ನು ಹಿಡಿದಿಡುವುದರಿಂದ ಖನಿಜ ಮಿಶ್ರಣವನ್ನು ಮರೆಯಬಾರದು.

ಗುಂಡಿಯನ್ನು ಒಂದು ಬದಿಯಿಂದ ಮಾತ್ರ ತೆರೆದು, ಅಂದಂದಿನ ಮೇವು ತೆಗೆದು ಮತ್ತೆ ಮುಚ್ಚಬೇಕು. ಹಳದಿ ಮಿಶ್ರಿತ ಹಸಿರು ಬಣ್ಣ, ಹಿತವಾದ ಹುಳಿ ವಾಸನೆ ಇದ್ದರೆ ಸರಿ. ಬೂಸ್ಟು ಹಿಡಿದದ್ದು ನೇರ ತಿಪ್ಪೆಗೆ.