ವಿಮಾನ ಇಳಿದ ಮೇಲಿನ ಯುದ್ಧ

ಕರ್ನಾಟಕದ ಮಟ್ಟಿಗೆ ದೂರದೇಶದ ಯುದ್ಧಗಳು ಬಂದಿಳಿಯುವುದು ದೇವನಹಳ್ಳಿಯಲ್ಲಿ. 2022ರಲ್ಲಿ ಉಕ್ರೇನಿನಿಂದ ಪಾರಾದ ವೈದ್ಯಕೀಯ ವಿದ್ಯಾರ್ಥಿಗಳು ತಂಡತಂಡವಾಗಿ ಇಲ್ಲಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದರು. ಮಾರ್ಚ್ 1ರಂದು ಹಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ, ರಾಣೆಬೆನ್ನೂರು ತಾಲ್ಲೂಕು ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ ಅವರ ಪಾರ್ಥಿವ ಶರೀರವೂ ಅದೇ ತಿಂಗಳ 21ರ ಬೆಳಗಿನ ಜಾವ ಇಲ್ಲಿಗೇ ಬಂತು. ಮಗ ಡಾಕ್ಟರಾಗುತ್ತಾನೆಂದು ಕಾದಿದ್ದ ತಂದೆತಾಯಿ ಆ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು.

ಮರುವರ್ಷ ಬಂದವರು ಹಕ್ಕಿಪಿಕ್ಕಿ ಬುಡಕಟ್ಟಿನವರು. ಹುಣಸೂರಿನ ಪಕ್ಷಿರಾಜಪುರ, ಶಿವಮೊಗ್ಗ ಮತ್ತು ದಾವಣಗೆರೆ ಜಿಲ್ಲೆಗಳ ಕ್ಯಾಂಪುಗಳ ಈ ಜನ ಒಂದು ಕಾಲಕ್ಕೆ ಹಕ್ಕಿ ಹಿಡಿದು ಬದುಕಿದವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಕಸುಬನ್ನು ಮುಚ್ಚಿತು. ಗಿಡಮೂಲಿಕೆಯ ತೈಲ ಕಾಯಿಸಿ ಊರೂರು ತಿರುಗಿ ಮಾರಿದರು. ಆಮೇಲೆ ಅದೇ ತೈಲ ಹೊತ್ತು ಆಫ್ರಿಕಾಕ್ಕೂ ಹೋದರು. ಎಷ್ಟೋ ಮಂದಿ ಟಿಕೆಟ್ಟಿಗೆ, ಸರಕಿಗೆ ಊರಿನಲ್ಲಿ ಸಾಲ ಮಾಡಿಯೇ ಹೊರಟವರು. 2023ರ ಏಪ್ರಿಲ್ 15ರಂದು ಸುಡಾನಿನ ಸೇನೆ ಮತ್ತು ಆರ್‌ಎಸ್‌ಎಫ್ ಅರೆಸೇನಾ ಪಡೆಯ ನಡುವೆ ಗುಂಡಿನ ಕಾಳಗ ಶುರುವಾದಾಗ ಅವರಲ್ಲಿ ಕೆಲವರು ಡಾರ್ಫರ್‌ನ ಅಲ್ ಫಶೀರ್‌ನಲ್ಲಿದ್ದರು. ಕೆಂಪು ಸಮುದ್ರದ ಬಂದರಿಗೆ ಅಲ್ಲಿಂದ ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿ.

ಭಾರತ ಸರ್ಕಾರದ ‘ಆಪರೇಷನ್ ಕಾವೇರಿ’ ಅವರನ್ನು ಕರೆತಂದಿತು. ಪೋರ್ಟ್ ಸುಡಾನಿನಿಂದ ಜೆಡ್ಡಾಕ್ಕೆ, ಅಲ್ಲಿಂದ ಊರಿಗೆ. ಏಪ್ರಿಲ್ 28ರಂದು ಬೆಂಗಳೂರಿಗೆ ಬಂದ ಒಂದೇ ವಿಮಾನದಲ್ಲಿ 362 ಮಂದಿ. ಆ ಕೆಲಸ ಮಾಡಿದವರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ. ಆದರೆ ಜೀವ ಉಳಿಸಿಕೊಳ್ಳಲು ಸರಕನ್ನು ಅಲ್ಲೇ ಬಿಟ್ಟು ಓಡಿಬಂದವರಿಗೆ ಸಾಲದಿಂದ ಬಿಡುಗಡೆ ಇರಲಿಲ್ಲ. ಸಾಲ ಕೊಟ್ಟವನಿಗೆ ಸುಡಾನಿನ ಯುದ್ಧ ಏನು ಲೆಕ್ಕ?

ಉಕ್ರೇನಿನ ವಿದ್ಯಾರ್ಥಿಗಳ ಕಥೆ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಅವರ ಪೋಷಕರು ಸಂಘಟಿತರಾದರು, ಸುಪ್ರೀಂ ಕೋರ್ಟಿಗೆ ಹೋದರು. ಬೇರೆ ದೇಶದ ಕಾಲೇಜಿಗೆ ಸೇರಿ ಓದು ಮುಂದುವರಿಸಲು 2022ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಕೊನೆಯ ವರ್ಷದವರಿಗೆ ಇಲ್ಲಿಯೇ ಅಂತಿಮ ಪರೀಕ್ಷೆ ಬರೆದು ಎರಡು ವರ್ಷ ಇಂಟರ್ನ್‌ಶಿಪ್ ಮಾಡುವ ಒಂದು ಬಾರಿಯ ಅವಕಾಶ 2023ರ ಮಾರ್ಚ್‌ನಲ್ಲಿ ದೊರೆಯಿತು. ತಡವಾಯಿತು, ಸಾಲದು, ನಿಜ. ಆದರೂ ಕೇಳುವ ಬಾಯಿ ಇತ್ತು, ಅಷ್ಟಾದರೂ ಸಿಕ್ಕಿತು. ಹಕ್ಕಿಪಿಕ್ಕಿ ಕ್ಯಾಂಪಿನವರ ಪರವಾಗಿ ಯಾವ ವಕೀಲ ಯಾವ ಕೋರ್ಟಿಗೆ ಹೋದ? ಯುದ್ಧದ ಪೆಟ್ಟು ಇಬ್ಬರಿಗೂ ಬಿದ್ದಿರುವಾಗ, ಆರೈಕೆ ಮಾತ್ರ ದನಿ ಇದ್ದವರಿಗೆ ಎಂಬುದನ್ನು ನಾನು ಒಪ್ಪಲಾರೆ.

ಆ ಆರೈಕೆಗೆ ಹೊಸದಾಗಿ ಕಟ್ಟಬೇಕಾದದ್ದು ಬಹಳವೇನಿಲ್ಲ. ನಿಮ್ಹಾನ್ಸ್ ಮುನ್ನಡೆಸುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಆದರೆ ರಾತ್ರಿ ನಿದ್ದೆ ಬಾರದಿರುವುದು, ಪಟಾಕಿ ಸದ್ದಿಗೆ ಮೈ ನಡುಗುವುದು ಚಿಕಿತ್ಸೆ ಇರುವ ತೊಂದರೆ ಎಂದು ಮನೆಬಾಗಿಲಿಗೆ ಬಂದು ಹೇಳುವವರು ಬೇಕು. ಅದಕ್ಕೆ ಆಶಾ ಕಾರ್ಯಕರ್ತೆಯರಿಗಿಂತ ಹತ್ತಿರದವರಿಲ್ಲ. ಬಲವಂತದ ಸಾಲ ವಸೂಲಿಯನ್ನು ತಡೆಯುವ ಕಾನೂನು 2025ರಲ್ಲಿ ಬಂದಿದೆ. ತೈಲದ ಕಸುಬನ್ನು ಇಲ್ಲೇ ನಡೆಸಲು ಬಂಡವಾಳ ಬೇಕೆಂದರೆ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮವಿದೆ. ಇವೆಲ್ಲ ಒಂದೊಂದು ಕಚೇರಿಯಲ್ಲಿ ಒಂದೊಂದಾಗಿ ಕುಳಿತಿವೆ. ಹಿಂತಿರುಗಿದವರ ಹೆಸರು ಅಲ್ಲಿಗೆಲ್ಲ ತಲುಪಬೇಕು.

2025ರ ಅಕ್ಟೋಬರ್‌ನಲ್ಲಿ ಅಲ್ ಫಶೀರ್ ಆರ್‌ಎಸ್‌ಎಫ್ ವಶವಾಯಿತು. ಬಿಟ್ಟುಬಂದ ಸರಕಿನ ಆಸೆ ಇನ್ನು ಯಾರೂ ಇಟ್ಟುಕೊಳ್ಳುವಂತಿಲ್ಲ. ಮುಂದೆ ಇಂಥ ವಿಮಾನ ದೇವನಹಳ್ಳಿಗೆ ಬಂದಾಗ ಸಹಾಯ ಕೇಂದ್ರದವರು ಹೆಸರು, ಊರಿನ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ ಬರೆದುಕೊಳ್ಳಲಿ: ಸಾಲ ಎಷ್ಟಿದೆ, ನಾಳೆಯಿಂದ ದುಡಿಮೆ ಏನು? ಆ ಪಟ್ಟಿ ಆಯಾ ತಾಲ್ಲೂಕಿನ ತಹಶೀಲ್ದಾರರಿಗೆ ಹೋಗಲಿ, ಮೂರು ತಿಂಗಳ ಮೇಲೆ ಅಲ್ಲಿಂದ ಒಬ್ಬರು ಆ ಮನೆಗೆ ಹೋಗಿ ವಿಚಾರಿಸಲಿ.