ಕೋವಿ ಮೇಳ ನೋಡಲು ಹೊರಟವರಿಗೆ

ಮಗನ ಮನೆಗೋ ಮಗಳ ಮನೆಗೋ ಎಂದು ಅಮೇರಿಕಕ್ಕೆ ಹೋಗಿ ಬರುವ ಬೆಳೆಗಾರರು ಈಗ ಆಲಂಕಾರಿನ ಆಸುಪಾಸಿನಲ್ಲೂ ಇದ್ದಾರೆ. ತೋಟದ ರಕ್ಷಣೆಗೆಂದು ಮನೆಯಲ್ಲಿ ಕೋವಿ ಇಟ್ಟುಕೊಂಡವರಿಗೆ ಅಲ್ಲಿನ ಕೋವಿ ಮೇಳ ನೋಡಬೇಕೆಂಬ ಆಸೆ ಸಹಜವೇ. ನೋಡಬೇಕಾದದ್ದೂ ಹೌದು. ಆದರೆ ಹೊರಡುವ ಮೊದಲು ಕೆಲವು ವಿಷಯ ತಿಳಿದಿರಬೇಕು.

ಮೇಳಗಳಲ್ಲಿ ಎರಡು ಬಗೆ. ಲಾಸ್ ವೇಗಾಸ್‌ನಲ್ಲಿ ಜನವರಿಯಲ್ಲಿ ನಡೆಯುವ 'ಶಾಟ್ ಶೋ' 1979ರಲ್ಲಿ ಆರಂಭವಾದದ್ದು. ಜರ್ಮನಿಯ ನ್ಯೂರೆಂಬರ್ಗಿನ 'ಇವಾ' ಮೇಳ 1974ರಿಂದ ಇದೆ. ಇವೆರಡೂ ವ್ಯಾಪಾರಸ್ಥರಿಗೆ ಮಾತ್ರ. ಬರಿಯ ಆಸಕ್ತಿಯಿಂದ ಹೋದವರಿಗೆ ಬಾಗಿಲು ತೆರೆಯದು. ಎರಡನೆಯದು ಅಲ್ಲಿನ ಊರೂರುಗಳಲ್ಲಿ ವಾರಾಂತ್ಯ ನಡೆಯುವ 'ಗನ್ ಶೋ'. ಟಿಕೇಟು ಕೊಂಡರೆ ಯಾರೂ ಹೋಗಬಹುದು, ನಮ್ಮ ಸಂತೆಯ ಹಾಗೆ ವ್ಯಾಪಾರವೂ ನಡೆಯುತ್ತದೆ. ಆದರೆ ಪ್ರವಾಸಿ ವೀಸಾದಲ್ಲಿ ಹೋದವರು ಕೋವಿ ಕೊಳ್ಳುವುದಕ್ಕೂ ಇಟ್ಟುಕೊಳ್ಳುವುದಕ್ಕೂ ಅಲ್ಲಿನ ಕಾನೂನಿನಲ್ಲಿ ಸಾಮಾನ್ಯವಾಗಿ ನಿಷೇಧವಿದೆ.

ಹಾಗಾದರೆ ನೋಡಿ ಕಲಿಯುವುದೇನು? ತೋಟೆಯ ಉದ್ದದ ವಿಷಯವೊಂದೇ ಸಾಕು. 12 ಬೋರಿನ ಕೋವಿ ಎಂದರೆ ಎಲ್ಲವೂ ಒಂದೇ ಎಂದು ನಮ್ಮಲ್ಲಿ ಹಲವರ ಎಣಿಕೆ. ಅಜ್ಜನ ಕಾಲದ ಇಂಗ್ಲಿಷ್ ಜೋಡುನಳಿಗೆಗಳಲ್ಲಿ ಅನೇಕಕ್ಕೆ ತೋಟೆ ಕೂರುವ ಕುಳಿ 65 ಮಿ.ಮೀ.; ಈಗಿನವಕ್ಕೆ 70, ಕೆಲವಕ್ಕೆ 76. ತೋಟೆಯ ಮೇಲೆ ಬರೆದ ಉದ್ದ ಹಾರಿಸಿದ ಮೇಲಿನ ಉದ್ದ. ಬಾಯಿ ಮಡಿಚಿರುವಾಗ ಉದ್ದದ ತೋಟೆಯೂ ಹಳೆಯ ಕೋವಿಯಲ್ಲಿ ಸಲೀಸಾಗಿ ಕೂತೀತು. ಹಾರಿಸಿದಾಗ ಬಾಯಿ ಬಿಚ್ಚಿಕೊಳ್ಳಲು ಸ್ಥಳವಿಲ್ಲದೆ ಒಳಗಿನ ಒತ್ತಡ ಏರುತ್ತದೆ. ನಳಿಗೆ ಒಡೆದರೆ ಹೋಗುವುದು ಹಾರಿಸಿದವನ ಕೈ. ಮೇಳದಲ್ಲಿ ಬೇರೆ ಬೇರೆ ಉದ್ದದ ತೋಟೆಗಳನ್ನು ಅಕ್ಕಪಕ್ಕ ಇಟ್ಟಿರುವುದನ್ನು ಕಂಡರೆ ಇದು ತಟ್ಟನೆ ಮನಸ್ಸಿಗೆ ಹತ್ತುತ್ತದೆ. ಹಳೆಯ ಕೋವಿ ಇರುವವರು ಅದರ ಕುಳಿಯನ್ನು ಬಲ್ಲ ಕೆಲಸಗಾರನಿಂದ ಅಳತೆ ಮಾಡಿಸಿಕೊಳ್ಳುವುದು ಒಳ್ಳೆಯದು.

ನೆನಪಿಗೆಂದು ಅಲ್ಲಿಂದ ತೋಟೆಯೊಂದನ್ನು ಕಿಸೆಗೆ ಹಾಕಿಕೊಳ್ಳಬೇಡಿ, ಖಾಲಿಯದ್ದೂ ಬೇಡ. ಲೈಸೆನ್ಸ್ ಇಲ್ಲದೆ ಜೀವಂತ ತೋಟೆ ಇಟ್ಟುಕೊಳ್ಳುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಅಪರಾಧ. ಚೀಲದ ಮೂಲೆಯಲ್ಲಿ ಮರೆತು ಉಳಿದ ಒಂದೇ ತೋಟೆಗಾಗಿ ವಿಮಾನ ನಿಲ್ದಾಣದಲ್ಲಿ ಕೇಸು ಬಿದ್ದವರಿದ್ದಾರೆ. ಇನ್ನು ಕೋವಿಯನ್ನೇ ತರುವ ಮಾತು ಸಾಮಾನ್ಯರಿಗೆ ಆಗದ ಕೆಲಸ. 2019ರ ತಿದ್ದುಪಡಿಯ ಮೇಲೆ ಒಬ್ಬರ ಹೆಸರಿನಲ್ಲಿ ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತೆಯೂ ಇಲ್ಲ.

ಇಷ್ಟು ದೂರ ಹೋಗಲಾಗದವರಿಗೆ ಸುಳ್ಯ ದಾಟಿ ಸಂಪಾಜೆ ಘಾಟಿ ಏರಿದರೆ ಕೊಡಗಿದೆ. ಸೆಪ್ಟೆಂಬರ್ 3ರ ಸುಮಾರಿಗೆ ಬರುವ ಕೈಲ್ ಪೋಳ್ದ್ ಹಬ್ಬದಲ್ಲಿ ಕೋವಿಗಳಿಗೆ ಪೂಜೆ, ಆ ಬಳಿಕ ತೆಂಗಿನಕಾಯಿಗೆ ಗುರಿ ಇಡುವ ಸ್ಪರ್ಧೆ. ಗುರಿಕಾರರ ಕೈಯಲ್ಲಿ ಕೋವಿ ಹೇಗಿರುತ್ತದೆಂದು ನೋಡಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿ 2029ರ ವರೆಗೆ ಮುಂದುವರಿದಿದೆ. ಘಾಟಿಯ ಕೆಳಗಿನ ನಮಗೆ ಅದು ಅನ್ವಯಿಸದು. ನಮ್ಮ ಕೋವಿಯನ್ನೂ ಜೊತೆಗೆ ಒಯ್ಯುವ ಮನಸ್ಸಿದ್ದರೆ, ಲೈಸೆನ್ಸಿನಲ್ಲಿ ಯಾವ ವ್ಯಾಪ್ತಿ ಬರೆದಿದೆ ಎಂದು ಮೊದಲು ಓದಿ ನೋಡಬೇಕು.