ಅಣ್ಣನ ಹಾಕಿ ಕೋಲಿಗೆ ತಂಗಿಯ ಬಣ್ಣ

ನಿಮ್ಮ ಮನೆಯ ಬಾಗಿಲ ಸಂದಿಯಲ್ಲೋ ಅಟ್ಟದ ಮೇಲೋ ಹಳೆಯ ಹಾಕಿ ಕೋಲೊಂದು ಬಿದ್ದಿದೆಯೇ? ಮಗನೋ ಮೈದುನನೋ ಶಾಲೆಯ ದಿನಗಳಲ್ಲಿ ಆಡಿ ಬಿಟ್ಟದ್ದು, ಈಗ ಜೇಡರ ಬಲೆ ತೆಗೆಯಲಿಕ್ಕೆ ಉಪಯೋಗವಾಗುತ್ತಿರುವಂಥದ್ದು? ಹಾಗಿದ್ದರೆ, ಮಗಳು ಶಾಲೆಯ ತಂಡಕ್ಕೆ ಸೇರುತ್ತೇನೆಂದ ದಿನ ಆ ಕೋಲು ಕೆಳಗಿಳಿಯುತ್ತದೆ. "ಸದ್ಯಕ್ಕೆ ಇದರಲ್ಲೇ ಆಡು, ಮುಂದೆ ನೋಡೋಣ" ಅನ್ನುತ್ತೇವೆ. ಎರಡು ದಿನ ಕಳೆಯುವುದರೊಳಗೆ ಅವಳು ಮುಖ ಸಪ್ಪಗೆ ಮಾಡಿಕೊಂಡು ಬರುತ್ತಾಳೆ. "ಅಮ್ಮಾ, ಎಲ್ರೂ ನಗ್ತಾರೆ. ಅಣ್ಣಂದು ಅಂತ ನೋಡಿದ್ರೇನೇ ಗೊತ್ತಾಗತ್ತೆ!"

ಇದನ್ನು ಬರೀ ಷೋಕಿ ಎಂದು ತಳ್ಳಿಹಾಕಬೇಡಿ, ಸೋದರಿಯರೇ. ಅಣ್ಣನ ಪುಸ್ತಕ, ಅಣ್ಣನ ಸೈಕಲ್ಲು, ಈಗ ಅಣ್ಣನ ಕೋಲು. ಎಲ್ಲವೂ ಎರಡನೆಯ ಕೈಯಿಂದಲೇ ಬಂದರೆ ಆಟವೂ ತನ್ನದಲ್ಲವೆಂದು ಆ ವಯಸ್ಸಿಗೆ ಅನ್ನಿಸಿಬಿಡುತ್ತದೆ. ಹನ್ನೆರಡು ಹದಿಮೂರರ ಹುಡುಗಿಗೆ ಆಟ ಬಿಡಲು ಕಾರಣಗಳಿಗೇನೂ ಕಡಿಮೆಯಿಲ್ಲ. ಅವುಗಳಲ್ಲಿ ಒಂದನ್ನಾದರೂ ನಾವು ನಮ್ಮ ಕೈಯಾರೆ ನಿವಾರಿಸಬಹುದಲ್ಲವೇ?

ಹರಿಯಾಣದ ಶಾಹಬಾದಿನ ರಾಣಿ ರಾಂಪಾಲ್ ಅವರ ಹೆಸರು ನೀವು ಕೇಳಿರಬಹುದು. ತಂದೆ ಗಾಡಿ ಎಳೆದು ಸಂಸಾರ ನಡೆಸುತ್ತಿದ್ದರು. ಕೋಲು ಕೊಳ್ಳುವ ಶಕ್ತಿಯಿಲ್ಲದೆ ಮುರಿದ ಕೋಲಿನಲ್ಲೇ ಆಕೆ ಅಭ್ಯಾಸ ಆರಂಭಿಸಿದರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದ ಭಾರತದ ಮಹಿಳಾ ತಂಡಕ್ಕೆ ಅವರೇ ನಾಯಕಿ. ನಮ್ಮ ಕೊಡಗಿನಲ್ಲಂತೂ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೌಟುಂಬಿಕ ಹಾಕಿ ಹಬ್ಬದಲ್ಲಿ ಹೆಣ್ಣುಮಕ್ಕಳೂ ಮನೆತನದ ತಂಡದಲ್ಲಿ ಕೋಲು ಹಿಡಿದು ಇಳಿಯುತ್ತಾರೆ. ಹಳೆಯ ಕೋಲಿನಿಂದ ಆಟಕ್ಕೆ ಕುಂದಿಲ್ಲ. ಆ ಕೋಲು ಅವಳದಾಗಬೇಕು, ಅಷ್ಟೇ.

<b>ಮೊದಲು ಪರೀಕ್ಷೆ, ಆಮೇಲೆ ಬಣ್ಣ</b>

ರಾಣಿಯವರದು ಅನಿವಾರ್ಯ. ನಾವು ಮಾತ್ರ ಬಿರುಕು ಬಿಟ್ಟ ಕೋಲನ್ನು ಬಣ್ಣ ಬಳಿದು ಮಗಳ ಕೈಗೆ ಕೊಡಬಾರದು. ಬಣ್ಣದಡಿಯ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಆಟದ ನಡುವೆ ಕೋಲು ಮುರಿದು ಚೂರು ಹಾರಿದರೆ ಪಕ್ಕದಲ್ಲಿರುವ ಮಗುವಿನ ಕಣ್ಣಿಗೇ ಅಪಾಯ.

ಕೋಲನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹಗಲು ಬೆಳಕಿನಲ್ಲಿ ತಿರುಗಿಸಿ ತಿರುಗಿಸಿ ನೋಡಿ. ಬಾಗಿದ ತಲೆಯ ಭಾಗವನ್ನೂ, ಹಿಡಿ ಮುಗಿಯುವ ಜಾಗವನ್ನೂ ಹೆಬ್ಬೆರಳಿನಿಂದ ಒತ್ತಿ. ಎಲ್ಲಾದರೂ ಮೆತ್ತಗೆ ಒಳಹೋದರೆ, ಪದರ ಬಿಟ್ಟುಕೊಂಡಿದ್ದರೆ, ಅದು ಆಟಕ್ಕೆ ಬೇಡ. ಮಡಕೆ ಕೊಳ್ಳುವಾಗ ತಟ್ಟಿ ನೋಡುತ್ತೀರಲ್ಲ, ಹಾಗೆಯೇ ನೆಲಕ್ಕೆ ಮೆಲ್ಲಗೆ ತಟ್ಟಿ. ಸದ್ದು ಒಡಕಾಗಿ ಬಂದರೆ ಅನುಮಾನಿಸಿ. ಅಳತೆಯನ್ನೂ ನೋಡಿಕೊಳ್ಳಿ: ಮಗಳ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿದಾಗ ಕೋಲಿನ ತುದಿ ಸೊಂಟದ ಮೂಳೆಯ ಹತ್ತಿರ ಬಂದರೆ ಸರಿ. ಎದೆಮಟ್ಟ ಬರುವ ಕೋಲಿಗೆ ಎಷ್ಟು ಬಣ್ಣ ಬಳಿದರೇನು!

<b>ಮರದ್ದೋ, ಫೈಬರಿನದ್ದೋ?</b>

ಹಳೆಯ ಕೋಲುಗಳ ತಲೆ ಹಿಪ್ಪುನೇರಳೆ ಮರದ್ದು. ರೇಷ್ಮೆಹುಳುವಿಗೆ ಸೊಪ್ಪು ಕೊಡುವ ಅದೇ ಹಿಪ್ಪುನೇರಳೆ! ನಮ್ಮಲ್ಲಿ ಸೊಪ್ಪಿಗಾಗಿ ಗಿಡವನ್ನು ಕತ್ತರಿಸುತ್ತ ಕುಳ್ಳಗೇ ಇಟ್ಟುಕೊಳ್ಳುತ್ತೇವೆ, ಕೋಲಿಗೆ ಮಾತ್ರ ಬೆಳೆದ ಮರ ಬೇಕು. ಹಿಡಿ ಬೆತ್ತದ್ದು. 1947ರ ದೇಶವಿಭಜನೆಯಲ್ಲಿ ಸಿಯಾಲ್‌ಕೋಟಿನಿಂದ ಬಂದ ಕುಶಲಕರ್ಮಿಗಳು ಜಲಂಧರಿನಲ್ಲಿ ನೆಲೆಸಿ ಈ ಕೆಲಸವನ್ನು ಬೆಳೆಸಿದರು. ಈಚಿನ ಕೋಲುಗಳು ಗಾಜಿನ ನಾರು, ಕಾರ್ಬನ್ ನಾರುಗಳನ್ನು ಅಂಟಿನಲ್ಲಿ ಕೂಡಿಸಿ ಮಾಡಿದವು.

ಎರಡಕ್ಕೂ ಉಪಚಾರ ಬೇರೆ ಬೇರೆ. ಮರದ ಕೋಲಿಗೆ ಎಣ್ಣೆಯ ಬಣ್ಣ, ಅಂದರೆ ಎನಾಮೆಲ್ ಒಗ್ಗುತ್ತದೆ. ಫೈಬರಿನ ಕೋಲಿಗೆ ಅಕ್ರಿಲಿಕ್ ಬಣ್ಣ ಮೇಲು. ಫೈಬರಿನ ಕೋಲನ್ನು ಥಿನ್ನರಿನಿಂದಲೋ ನೈಲ್‌ಪಾಲಿಷ್ ತೆಗೆಯುವ ದ್ರಾವಣದಿಂದಲೋ ತಿಕ್ಕಲೇಬೇಡಿ. ಮೇಲಿನ ಪದರ ಹಾಳಾಗುತ್ತದೆ. ಸಾಬೂನು ನೀರು ಸಾಕು.

<b>ಬೇಕಾಗುವ ಸಾಮಗ್ರಿ</b>

ಉಪ್ಪುಕಾಗದ (220 ಮತ್ತು 400 ನಂಬರಿನದು, ತಲಾ ಒಂದು ಹಾಳೆ), ಬೇಕಾದ ಬಣ್ಣದ ಚಿಕ್ಕ ಡಬ್ಬಿ, ಅರ್ಧ ಇಂಚಿನ ಕುಂಚ, ಚಿತ್ತಾರಕ್ಕೆ ಒಂದು ಸಣ್ಣ ಕುಂಚ, ಕಾಗದದ ಅಂಟುಪಟ್ಟಿ, ಬಣ್ಣಕ್ಕೆ ಹೊಂದುವ ವಾರ್ನಿಷ್, ಹಿಡಿಗೆ ಸುತ್ತಲು ಒಂದು ಗ್ರಿಪ್.

ಒಂದು ಎಚ್ಚರಿಕೆ. ಅಟ್ಟದಲ್ಲಿ ಉಳಿದಿರುವ ಕಿಟಕಿಯ ಬಣ್ಣ ಸಾಕು ಅನ್ನಬೇಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ. ಅದಕ್ಕೂ ಹಿಂದಿನ ಡಬ್ಬಿಯಲ್ಲಿ ಸೀಸ ಹೆಚ್ಚಿರಬಹುದು, ಅದು ಮಕ್ಕಳಿಗೆ ವಿಷ.

<b>ಮಾಡುವ ವಿಧಾನ</b>

ಹಿಡಿಯ ಹಳೆಯ ಗ್ರಿಪ್ ಬಿಚ್ಚಿ. ಹಳೆಯ ಬಣ್ಣವನ್ನು ಪೂರ್ತಿ ಕೀಳಬೇಕಿಲ್ಲ, ಮಿರುಗು ಹೋಗಿ ಮಂಕಾಗುವಷ್ಟು ಉಜ್ಜಿದರೆ ಸಾಕು. ಫೈಬರಿನ ಕೋಲನ್ನು ನಾರು ಕಾಣುವವರೆಗೆ ಉಜ್ಜಬಾರದು. ನೀರಿನಲ್ಲಿ ನೆನೆಸಿ ಬಳಸುವ ಉಪ್ಪುಕಾಗದದಿಂದಲೇ ಉಜ್ಜಿ. ಆಗ ದೂಳು ಹಾರುವುದಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಿತ್ತಿಲಿನಲ್ಲಿ ಕೂತು ಮಾಡಿ, ಅಡುಗೆಮನೆಯಲ್ಲಿ ಬೇಡ. ಮರದ ಕೋಲಾದರೆ ನೆರಳಿನಲ್ಲಿ ಒಂದು ದಿನ ಒಣಗಲಿ. ಬಿಸಿಲಿಗೆ ಇಟ್ಟರೆ ಮರ ಸೊಟ್ಟಗಾದೀತು.

ಹಾಕಿಯಲ್ಲಿ ಚೆಂಡು ಹೊಡೆಯುವುದು ಕೋಲಿನ ಚಪ್ಪಟೆ ಬದಿಯಿಂದ. ತಲೆಯ ಆ ಭಾಗಕ್ಕೆ ಅಂಟುಪಟ್ಟಿ ಹಾಕಿ ಮುಚ್ಚಿಬಿಡಿ, ಅಲ್ಲಿ ಬಣ್ಣ ಬೇಡ. ಬಳಿದರೂ ನಾಲ್ಕು ದಿನದಲ್ಲಿ ಚಕ್ಕೆ ಏಳುತ್ತದೆ. ಉಳಿದ ಕಡೆ ತೆಳ್ಳಗೆ ಎರಡು ಸಲ ಬಳಿಯಿರಿ. ದೋಸೆಗೆ ಹಿಟ್ಟು ಹುಯ್ದ ಹಾಗೆ ದಪ್ಪಗೆ ಬಳಿದರೆ ಗೀರು ನಿಲ್ಲುತ್ತದೆ; ಕೋಲು ನುಣುಪಾಗಿರಬೇಕೆಂಬುದು ಆಟದ ನಿಯಮ. ಎನಾಮೆಲ್ ಆದರೆ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವೆ ಒಂದು ರಾತ್ರಿ ಬಿಡಿ, ಮಳೆಗಾಲದಲ್ಲಿ ಎರಡು ರಾತ್ರಿ.

<b>ಚಿತ್ತಾರ ಅವಳಿಗೇ ಬಿಡಿ</b>

ಇಲ್ಲಿಯವರೆಗಿನದು ನಿಮ್ಮ ಕೆಲಸ, ಇನ್ನು ಮುಂದಿನದು ಅವಳದು. ಅಂಗಡಿಯ ಕೋಲುಗಳಲ್ಲಿ ಮಿಂಚು, ಹುಲಿಮುಖ ಇರುತ್ತವೆ. ಅವಳು ಅದನ್ನೇ ಬಯಸಿದರೆ ಬರೆಯಲಿ. ಅಜ್ಜಿಯ ಸೀರೆಯ ಕಸೂತಿ ತೋರಿಸಿ ನೋಡಿ: ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಮುರ್ಗಿ ಹೊಲಿಗೆಯ ಸಾಲು ಕೋಲಿನ ಸುತ್ತ ಬಳಸಿ ಬಂದರೆ ಬಲು ಚೆನ್ನ. ಇಳಕಲ್ಲಿನ ಸೆರಗಿನ ತೆನೆ, ಮಲೆನಾಡಿನ ಹಸೆ ಚಿತ್ತಾರದ ಗೆರೆ, ದಿನವೂ ಬಾಗಿಲಲ್ಲಿ ಹಾಕುವ ಚುಕ್ಕಿ ರಂಗೋಲಿ, ಯಾವುದಾದರೂ ಸರಿ. ಅಂಟುಪಟ್ಟಿಯನ್ನು ಓರೆಯಾಗಿ ಸುತ್ತಿ ನಡುವೆ ಬಣ್ಣ ಬಳಿದರೆ ಕೈ ತಿರುಗದವರಿಗೂ ಅಚ್ಚುಕಟ್ಟಾದ ಪಟ್ಟೆ ಬರುತ್ತದೆ. ಹಿಡಿಯ ಕೆಳಗೆ ಅವಳ ಹೆಸರು ಮರೆಯದೆ ಬರೆಯಿಸಿ. ಕನ್ನಡಿ ಚೂರು, ಮಣಿ, ಜರಿ ಮಾತ್ರ ಬೇಡವೇ ಬೇಡ. ಕೋಲಿನಲ್ಲಿ ಲೋಹವೂ ಕೂಡದು, ಒರಟೂ ಕೂಡದು.

ಒಣಗಿದ ಮೇಲೆ ತೆಳ್ಳಗೆ ವಾರ್ನಿಷ್ ಬಳಿದು, ಗ್ರಿಪ್ಪನ್ನು ಮೇಲಿನ ತುದಿಯಿಂದ ಕೆಳಕ್ಕೆ ಬಿಗಿಯಾಗಿ ಸುತ್ತಿ. ಒಂದು ಸುತ್ತಿನ ಅಂಚು ಮತ್ತೊಂದರ ಮೇಲೆ ಚೂರೇ ಚೂರು ಬರಲಿ. ಮೂರು ನಾಲ್ಕು ದಿನ ಆಟಕ್ಕೆ ಕೊಡಬೇಡಿ.

<b>ಬಳೆಯ ಪರೀಕ್ಷೆ</b>

ಕೊನೆಗೊಂದು ಮೋಜಿನ ವಿಷಯ. ಗ್ರಿಪ್ ಸಮೇತ ಇಡೀ ಕೋಲು 51 ಮಿಲಿಮೀಟರ್ ಒಳಅಳತೆಯ ಬಳೆಯಂಥ ಉಂಗುರದೊಳಗೆ ತೂರಬೇಕು, ತೂಕ 737 ಗ್ರಾಂ ಮೀರಬಾರದು ಎಂಬುದು ಅಂತರರಾಷ್ಟ್ರೀಯ ನಿಯಮ. ಬಳೆಗಾರ 2-0 ಎಂದು ಕರೆಯುವ ಚಿಕ್ಕ ಬಳೆಯ ಒಳಅಳತೆ ಸರಿಯಾಗಿ 2 ಇಂಚು, ಅಂದರೆ 50.8 ಮಿಲಿಮೀಟರ್. ಅಂಥ ಲೋಹದ ಬಳೆಯೊಂದನ್ನು ಹಿಡಿಯ ತುದಿಯಿಂದ ತೂರಿಸಿ, ತಲೆಯ ಬಾಗನ್ನೂ ಮೆಲ್ಲಗೆ ತಿರುಗಿಸಿ ದಾಟಿಸಿ. ದಾಟಿತೆಂದರೆ ನಿಶ್ಚಿಂತೆ. ಗಾಜಿನ ಬಳೆ ಬೇಡ, ಒಡೆದೀತು. ತೂಕಕ್ಕೆ ಅಡುಗೆಮನೆಯ ತಕ್ಕಡಿ ಇದ್ದೇ ಇದೆ.

ಕೋಲು ಶಾಲೆಯದಾದರೆ ಕುಂಚ ಹಿಡಿಯುವ ಮುನ್ನ ಅಧ್ಯಾಪಕರ ಒಪ್ಪಿಗೆ ಕೇಳಿ. ಮನೆಯದೇ ಆದರೆ ಅಣ್ಣನ ಒಪ್ಪಿಗೆಯೂ ಇರಲಿ, ಅವನ ನೆನಪೂ ಅದರಲ್ಲಿದೆ. ಉಜ್ಜುವ ಕೆಲಸಕ್ಕೆ ಅವನನ್ನೇ ಕೂಡಿಸಿ. ತಂಗಿಯ ಆಟ ಅವನ ಕೈಯಿಂದಲೂ ಒಂದಿಷ್ಟು ಹೊಳಪು ಪಡೆಯಲಿ.